ಗಸಗಸೆ ಇಲ್ಲದ ಕರದಂಟು

ಗೋಕಾಕದ ಬಸ್ ಸ್ಟ್ಯಾಂಡ್ ಹತ್ತಿರದ ಆ ಕರದಂಟಿನ ಅಂಗಡಿಯಲ್ಲಿ ನಾನು ಬಹಳ ಹೊತ್ತು ನಿಂತೆ. ನನ್ನ ಮುಂದೆ ಇದ್ದವರು ಒಬ್ಬರೇ, ಬಿಳಿ ಟೊಪ್ಪಿಗೆಯ ಹಿರಿಯರು. ಅವರಿಗೂ ನನಗೂ ನಡುವೆ ಮರ್ಯಾದೆಯ ಜಾಗ ಬಿಟ್ಟಿದ್ದೆ. ಅದೇ ತಪ್ಪಾಯಿತು. ಆ ಜಾಗದೊಳಗೆ ಒಬ್ಬ ಕಂಡಕ್ಟರ್ ನುಗ್ಗಿ ಅರ್ಧ ಕಿಲೋ ಕಟ್ಟಿಸಿಕೊಂಡು ಹೋದ. ಮದುವೆ ಜವಳಿ ತೆಗೆಯಲು ಬಂದಿದ್ದ ಹೆಂಗಸರು ಬಂದರು. ಕಾಲೇಜು ಹುಡುಗರು ನನ್ನ ಭುಜದ ಮೇಲಿಂದಲೇ ಕೈ ಚಾಚಿದರು. ನಾನು ಪ್ರತಿಯೊಬ್ಬರಿಗೂ "ಸಾರಿ" ಅನ್ನುತ್ತ ಹಿಂದೆ ಸರಿಯುತ್ತ ಹೋದೆ. ಕೊನೆಗೆ ನೋಡಿದರೆ ಅಂಗಡಿಯಿಂದ ಹೊರಗೆ, ಮೆಟ್ಟಿಲ ಮೇಲಿದ್ದೆ.

ಗಲ್ಲೆಯಲ್ಲಿ ಕುಳಿತಿದ್ದವನು ಎದ್ದು ನಿಂತು ಕೂಗಿದ. "ಅಕ್ಕಾರ, ಯಾರಿಗ್ ಕಾಯಾಕತ್ತೀರಿ? ಬಿಸಲಾಗ ಯಾಕ ನಿಂತೀರಿ? ಒಳಗ ಬಂದ್ ಕುಂದರ್ರಿ, ಬಸ್ ಬರಾಕ ಇನ್ನ ಹೊತ್ತೈತಿ."

"ನಾ ಬಸ್ಸಿಗೆ ಕಾಯಾಕತ್ತಿಲ್ರಿ. ಕ್ಯೂದಾಗ ನಿಂತೇನಿ."

ಅವನು ನನ್ನ ಹಿಂದೆ ನೋಡಿದ. ಮುಂದೆ ನೋಡಿದ. "ಎಲ್ಲೈತ್ರಿ ಕ್ಯೂ?"

"ನಾನ ಕ್ಯೂ" ಅಂದೆ.

ಅವನು ನಗಲಿಲ್ಲ. ನಗು ಬಂದದ್ದು ಮಾತ್ರ ಕಾಣುತ್ತಿತ್ತು. ಕೆಳತುಟಿಯನ್ನು ಹಲ್ಲಿನಲ್ಲಿ ಹಿಡಿದು, ತಕ್ಕಡಿಯ ಕಡೆ ನೋಡುತ್ತ ನಿಂತ. ಕಣ್ಣಿನ ಪಕ್ಕದಲ್ಲಿ ಸಣ್ಣ ಗೆರೆಗಳು ಮೂಡಿದವು. ಆ ಗೆರೆಗಳನ್ನು ನಾನು ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ ನೋಡಿದೆ.

"ಹೇಳ್ರಿ, ಏನ್ ಕೊಡ್ಲಿ?"

"ನಾಕ್ ಕಿಲೋ ಕರದಂಟು ಬೇಕ್ರಿ. ಗಸಗಸಿ ಹಾಕಲಾರದ್ದು."

ಅವನ ಮುಖ ತಟ್ಟನೆ ಬಿಗಿಯಿತು. "ಗಸಗಸಿ ಹಾಕಲಾರದ್ದು ಅಂದ್ರ ಅದು ಕರದಂಟ ಅಲ್ರಿ. ನಮ್ಮ ಅಂಗಡ್ಯಾಗ ಹಂಗ ಮಾಡಂಗಿಲ್ಲ. ಬ್ಯಾರೆ ಕಡೆ ನೋಡ್ರಿ."

"ಅದರ ರುಚಿ ಬ್ಯಾಡಾಗಿ ಅಲ್ರಿ. ನಾ ಈ ಸಲ ದುಬೈದಾಗ ವಿಮಾನ ಬದಲಿ ಮಾಡಬೇಕು. ಅಲ್ಲಿ ಚೀಲದಾಗ ಗಸಗಸಿ ಸಿಕ್ರ ಹಿಡದ್ ಒಳಗ ಹಾಕತಾರ."

"ಗಸಗಸಿಗೆ?"

"ಗಸಗಸಿಗೆ."

ಇವಳು ನನ್ನ ಚೇಷ್ಟೆ ಮಾಡುತ್ತಿದ್ದಾಳೆ ಎಂದು ಅವನಿಗೆ ಖಾತ್ರಿಯಾಗಿತ್ತು. ಮೊಬೈಲ್ ತೆಗೆದು ಹುಡುಕಿದ. ಓದಿದ. ಮತ್ತೊಮ್ಮೆ ಓದಿದ. ಆಮೇಲೆ ಹಿಂದಿನ ಬಾಗಿಲ ಕಡೆ ತಿರುಗಿ, "ಅವ್ವಾ, ಇಲ್ಲಿ ಬಾ ಇಲ್ಲಿ, ನಾವೆಲ್ಲಾರೂ ಕಳ್ಳ ಸಾಗಾಣಿಕಿ ಮಂದಿ ಅದೇವಂತ!" ಎಂದು ಕೂಗಿದ.

ಅವನ ಹೆಸರು ಗುರುಪಾದ. ಊರು ಅಂಕಲಗಿ. ಅಂಗಡಿ ಅವನ ತಾಯಿ ಅನ್ನಪೂರ್ಣಾ ಅವರು ಹಾಕಿದ್ದು. ತಂಗಿ ಶಿವಾನಿ ಒಳಗೆ ಪ್ಯಾಕಿಂಗ್, ಆನ್‌ಲೈನ್ ಆರ್ಡರ್ ನೋಡಿಕೊಳ್ಳುತ್ತಿದ್ದಳು.

"ನಾಕ್ ದಿನ ಬಿಟ್ಟ ಬರ್ರಿ," ಅಂದ ಗುರುಪಾದ. "ಮಾಡಿ ನೋಡತೇನಿ. ಚೊಲೊ ಆಗಲಿಲ್ಲಂದ್ರ ಮಾರಂಗಿಲ್ಲ, ಮೊದಲ ಹೇಳತೇನಿ."

"ಥ್ಯಾಂಕ್ಯೂ" ಅಂದೆ.

"ಇನ್ನ ಏನೂ ಕೊಟ್ಟ ಇಲ್ಲಲ್ರಿ, ಯಾತಕ್ಕ ಥ್ಯಾಂಕ್ಯೂ?"

ಪರದೇಶದಲ್ಲಿ ಹತ್ತಿದ ಐದು ವರ್ಷದ ಚಟ ಅದು.

*

ನಾನು ಶುಭಾಂಗಿ, ಮೂಡಲಗಿಯವಳು. ಅಪ್ಪ ಜಯಪಾಲ ಅವರದು ಕಾಳುಕಡಿ ವ್ಯಾಪಾರ. ಐರ್ಲೆಂಡಿನ ಗಾಲ್ವೇ ಎಂಬ ಸಮುದ್ರದಂಡೆಯ ಊರಿನಲ್ಲಿ ನರ್ಸ್ ಆಗಿದ್ದೇನೆ. ಅಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಮನೆಗೆ ನರ್ಸಿಂಗ್ ಹೋಮ್ ಅನ್ನುತ್ತಾರೆ. ನಮ್ಮಲ್ಲಿ ನರ್ಸಿಂಗ್ ಹೋಮ್ ಅಂದರೆ ಬಾಣಂತನದ ದವಾಖಾನೆ. ಹೀಗಾಗಿ ರಜೆಗೆ ಬಂದಾಗಲೆಲ್ಲ ಓಣಿಯ ಹೆಂಗಸರು, "ವರ್ಷಕ್ಕ ಎಷ್ಟ ಹೆರಿಗಿ ಮಾಡಸ್ತಿ?" ಎಂದು ಕೇಳುತ್ತಾರೆ. ನಾನು ನೋಡಿಕೊಳ್ಳುವವರಲ್ಲಿ ಎಲ್ಲರಿಗಿಂತ ಚಿಕ್ಕವರಿಗೆ ಎಪ್ಪತ್ತೆಂಟು ಎಂದು ಹೇಳಿ ಹೇಳಿ ಸಾಕಾಗಿ, ಈಗ "ಭಾಳ" ಅಂದುಬಿಡುತ್ತೇನೆ.

ನನ್ನ ಆಯಿ, ಅಂದರೆ ಅಪ್ಪನ ತಾಯಿ ಜಿನ್ನವ್ವ, ಜೈನರ ನೇಮದಂತೆ ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುವವಳಲ್ಲ. ನಾನೂ ಹಾಗೇ ಇರಬೇಕೆಂದು ಅವಳ ಆಸೆ. ಗಾಲ್ವೇಯಲ್ಲಿ ಜೂನ್ ತಿಂಗಳಲ್ಲಿ ರಾತ್ರಿ ಹತ್ತಕ್ಕೂ ಬೆಳಕು. "ಹಂಗಾರ ಹತ್ತರ ತನಕಾ ತಿನ್ನು, ಏನ್ ದೋಷಿಲ್ಲ" ಅಂದಳು. ಡಿಸೆಂಬರಿನಲ್ಲಿ ಮಧ್ಯಾಹ್ನದ ಚಹಾ ಮುಗಿಯುವಷ್ಟರಲ್ಲಿ ಕತ್ತಲು. ಆಗ ಆಯಿ ಬಹಳ ಹೊತ್ತು ಯೋಚಿಸಿ, "ಆ ದೇಶದ ಸೂರ್ಯಾಗ ಬುದ್ಧಿಲ್ಲ. ನೀ ಮೂಡಲಗಿ ಸೂರ್ಯಾನ ನೋಡಿ ಉಣ್ಣು" ಎಂದು ಅಪ್ಪಣೆ ಮಾಡಿದಳು. ಮೂಡಲಗಿಯಲ್ಲಿ ಹೊತ್ತು ಮುಳುಗುವಾಗ ನನಗೆ ಇನ್ನೂ ಮಧ್ಯಾಹ್ನದ ಊಟದ ಪಾಳಿ.

ಅಲ್ಲಿಂದ ಬರುವಾಗ ತಿನ್ನುವ ವಸ್ತು ತರುವುದು, ಇಲ್ಲಿಂದ ಹೋಗುವಾಗ ಒಯ್ಯುವುದು, ಇದೇ ಪರದೇಶಿಗಳ ವ್ಯವಹಾರ. ಮೊದಲ ಸಲ ಚಾಕಲೇಟ್ ತಂದೆ. ಒಳಗೆ ವಿಸ್ಕಿ ಇತ್ತು. ಅದು ಗೊತ್ತಾದದ್ದು ಅಪ್ಪ ಎರಡು ತಿಂದು, ಮೂರನೆಯದಕ್ಕೆ ಕೈ ಹಾಕಿದಾಗ. ಈ ಸಲ ಜಾಣಳಾಗಿ, ಆ ಸಮುದ್ರದ ಜನ ಚಿಪ್ಸ್ ತಿಂದ ಹಾಗೆ ತಿನ್ನುವ ಒಣಗಿಸಿದ ಪಾಚಿ ತಂದಿದ್ದೆ. ಆಯಿ ಮೂಸಿ ನೋಡಿದಳು.

"ಇದು ನೆಲದಾಗಿನ ಗಡ್ಡಿ ಏನು?"

"ಅಲ್ಲ ಆಯಿ. ನೀರಾಗಿಂದು."

"ನೀರಾಗಿಂದಂದ್ರ ಎಷ್ಟ ಜೀವ ಹತ್ತಿರತಾವು ಇದಕ್ಕ!" ಎಂದು ತಟ್ಟೆ ಸರಿಸಿದಳು. ಬಾಜೂ ಮನೆಯ ಎಮ್ಮೆಯ ಮುಂದೆ ಹಿಡಿದೆವು. ಎಮ್ಮೆ ಮೂಸಿ, ನನ್ನನ್ನು ಒಮ್ಮೆ ನೋಡಿ, ಮುಖ ತಿರುಗಿಸಿತು.

ಒಯ್ಯುವುದರಲ್ಲಿ ಮಾತ್ರ ತಕರಾರಿರಲಿಲ್ಲ. ಒಯ್ಯಬೇಕಾದದ್ದು ಕರದಂಟು. ಹಿಂದೊಮ್ಮೆ ಡಬ್ಲಿನ್ ವಿಮಾನ ನಿಲ್ದಾಣದಲ್ಲಿ ಡಬ್ಬಿ ತೆಗೆಸಿ ಏನೆಂದು ಕೇಳಿದ್ದರು. ಗಾಬರಿಯಲ್ಲಿ ಪದಕ್ಕೆ ಪದ ಇಂಗ್ಲಿಷ್ ಮಾಡಿ, "ಕರಿದ ಗೋಂದು" ಅಂದುಬಿಟ್ಟೆ. ಆ ಅಧಿಕಾರಿ ನನ್ನನ್ನು ಕನಿಕರದಿಂದ ನೋಡಿ ಹೋಗಲು ಬಿಟ್ಟ.

*

ನಾಲ್ಕು ದಿನ ಬಿಟ್ಟು ಹೋದೆ. ಗುರುಪಾದ ಸಣ್ಣ ತಟ್ಟೆಯಲ್ಲಿ ಒಂದೇ ತುಣುಕು ಇಟ್ಟು ಎದುರಿಗೆ ನಿಂತ. ನಾನು ತಿನ್ನುವುದನ್ನೇ ನೋಡುತ್ತಿದ್ದ. ಯಾರಾದರೂ ನಮ್ಮ ಬಾಯಿಯನ್ನೇ ನೋಡುತ್ತಿದ್ದರೆ ಅಗಿಯುವುದು ಎಷ್ಟು ಕಷ್ಟ ಎಂದು ಅವತ್ತು ತಿಳಿಯಿತು.

"ಚೊಲೊ ಐತ್ರಿ" ಅಂದೆ.

"ಸುಳ್ಳ ಹೇಳಬ್ಯಾಡ್ರಿ."

ಒಳಗಿನಿಂದ ಅನ್ನಪೂರ್ಣಾ ಅವರ ದನಿ ಬಂತು. "ಮೂಗಿಲ್ಲದ ಮಾರಿ ಹಂಗ ಐತಿ. ನಾ ಮುಂಜಾನಿನ ಹೇಳೇನಿ ಅಂವಗ."

ಖರೆ ಅಂದರೆ ಹಾಗೇ ಇತ್ತು. ಅಂಟು, ಕೊಬ್ಬರಿ, ಉತ್ತತ್ತಿ, ಬೆಲ್ಲ ಎಲ್ಲ ಇದ್ದವು. ಏನೋ ಒಂದು ಇರಲಿಲ್ಲ.

"ಇನ್ನ ನಾಕ್ ದಿನಾ ಕೊಡ್ರಿ" ಅಂದ. "ಅಂದಂಗ, ನೀವು ಇದನ್ನ ಅಲ್ಲಿ ಯಾರಿಗ್ ಕೊಡ್ತೀರಿ?"

ಜೊತೆಯ ನರ್ಸುಗಳಿಗೆ, ಮತ್ತೆ ನೋರಾಗೆ ಅಂದೆ. ನೋರಾ ನಮ್ಮ ನರ್ಸಿಂಗ್ ಹೋಮಿನ ಹಿರಿಯಳು, ತೊಂಬತ್ತು ದಾಟಿದವಳು. ಹಲ್ಲಿಲ್ಲ. ಕರದಂಟನ್ನು ಪೆಪ್ಪರ್‌ಮಿಂಟ್ ಹಾಗೆ ಚೀಪುತ್ತಾಳೆ. ಅಲ್ಲಿನ ಥಂಡಿಗೆ ಅದು ಕಲ್ಲಾಗಿರುತ್ತದೆ. ಚೀಪಿ ಚೀಪಿ ಸಾಕಾದರೆ ಕರವಸ್ತ್ರದಲ್ಲಿ ಸುತ್ತಿ ದಿಂಬಿನ ಕೆಳಗಿಟ್ಟು, ಮರುದಿನ ಮತ್ತೆ ಹಚ್ಚುತ್ತಾಳೆ.

ನಾನು ನಗುತ್ತ ಹೇಳಿದೆ. ಅವನು ನಗಲಿಲ್ಲ. "ಛೇ," ಅಂದ. "ಪಾಪ, ಮುದುಕಿಗೆ ಅಗಿಲಿಕ್ಕ ಬರಬೇಕಲ್ರಿ. ಮೆತ್ತಗ ಮಾಡಬೇಕು. ನೀವಿರೋ ಮನ್ಯಾಗ ಎಷ್ಟ ಥಂಡಿ ಇರತೈತಿ?"

ಐದು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಊರಿನಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಪಗಾರ ಎಷ್ಟೆಂದು ಕೇಳಿದ್ದರು, ಮನೆ ಕೊಂಡೆಯಾ ಎಂದು ಕೇಳಿದ್ದರು. ಒಬ್ಬ ಮುದುಕಿಯ ಬಾಯಿಗೆ ಹೇಗೆ ಹಿಡಿಸಬೇಕು ಎಂದು ಕೇಳಿದವನು ಇವನೊಬ್ಬ.

"ಥಂಡಿ ಭಾಳ ಇರತೈತ್ರಿ."

"ಹಂಗಾರ ಫ್ರಿಜ್‌ದಾಗ ಇಟ್ಟ ನೋಡತೇನಿ, ಸಿಸ್ಟರ್."

"ಸಿಸ್ಟರ್ ಅನಬ್ಯಾಡ್ರಿ."

"ನರ್ಸ್ ಇದ್ದೀರಂದ್ರ ಸಿಸ್ಟರ್ ಅನ್ನಬೇಕಲ್ರಿ?"

"ಬ್ಯಾಡ್ರಿ" ಅಂದೆ. ಸ್ವಲ್ಪ ಬೇಗನೇ ಅಂದೆ. ಪ್ಯಾಕಿಂಗ್ ಟೇಬಲ್ಲಿನ ಹಿಂದೆ ಶಿವಾನಿಯ ಕತ್ತರಿ ನಿಂತಿತು.

ಅವನು ಬೆಲ್ಲದ ಡಬ್ಬಿಯ ಮುಚ್ಚಳವನ್ನು ಒಮ್ಮೆ ತೆಗೆದ, ಒಮ್ಮೆ ಹಾಕಿದ. "ಆತ್ರಿ, ಶುಭಾಂಗಿ ಅವರ" ಅಂದ.

ಮುಂದಿನ ಸಲ ಎಳ್ಳು ಹುರಿದು ಹಾಕಿದ್ದ. ಅದು ಎಳ್ಳುಂಡೆ ಆಗಿತ್ತು. ಅದರ ಮುಂದಿನ ಸಲ ಉತ್ತತ್ತಿ ಅರೆದು ಹಾಕಿ ಮೆತ್ತಗೆ ಮಾಡಿದ್ದ. ಅದು ಡಬ್ಬಿಗೆ ಅಂಟಿ ಚಮಚದಲ್ಲಿ ಕೆರೆಯಬೇಕಾಯಿತು. ನಾನೂ ಸುಮ್ಮನೆ ಹೋಗುತ್ತಿರಲಿಲ್ಲ. ಆಯಿ ಒಲ್ಲೆನೆಂದ ಪಾಚಿಯ ಪಾಕೀಟು ಅವನಿಗೆ ಕೊಟ್ಟೆ. ಅವನು ಅದನ್ನು ಎಣ್ಣೆಯಲ್ಲಿ ಹಪ್ಪಳದ ಹಾಗೆ ಕರಿದು, ಪುಡಿ ಮಾಡಿ, ಹಚ್ಚಿದ ಚುರಮುರಿ ಮೇಲೆ ಉದುರಿಸಿ ಕೊಟ್ಟ. ಒಂದೇ ತಟ್ಟೆಯಲ್ಲಿ ತಿಂದೆವು. ಚೊಲೊ ಇತ್ತು. ಐರ್ಲೆಂಡಿನವರಿಗೆ ಇದು ಹೊಳೆದೇ ಇಲ್ಲ.

ಹಾಗೆ ಹೋದಾಗಲೆಲ್ಲ ಕೆಟ್ಟ ಪ್ರಯೋಗಗಳನ್ನು ಅವನು ಬಿಸಾಡದೆ ನನ್ನ ಚೀಲಕ್ಕೆ ಹಾಕುತ್ತಿದ್ದ. ನಮ್ಮ ಮನೆಯ ಫ್ರಿಜ್ ತುಂಬುತ್ತ ಬಂತು.

*

ಒಂದು ದಿನ ಹುಕ್ಕೇರಿಗೆ ಹೋಗಬೇಕಿತ್ತು, ಮಾವಶಿಯ, ಅಂದರೆ ಅವ್ವನ ತಂಗಿಯ ಮನೆಗೆ. ಅಪ್ಪ, ಅವ್ವ ಹಿಂದಿನ ದಿನವೇ ಹೋಗಿದ್ದರು. ಕೆಲಸದ ಕಡೆಯಿಂದ ಆನ್‌ಲೈನ್ ಮೀಟಿಂಗ್ ಇದ್ದುದರಿಂದ ನಾನು ಉಳಿದಿದ್ದೆ. ಮುಂಜಾನೆ ರೇಷ್ಮೆ ಸೀರೆ ಉಟ್ಟು ಮೂಡಲಗಿಯಿಂದ ಗೋಕಾಕಕ್ಕೆ ಬಂದರೆ ಹುಕ್ಕೇರಿ ಬಸ್ ಹೋಗಿಬಿಟ್ಟಿತ್ತು. ಗುರುಪಾದ ಅಂಗಡಿಯ ಮುಂದೆ ಸಣ್ಣ ಟೆಂಪೋ ನಿಲ್ಲಿಸಿಕೊಂಡಿದ್ದ.

"ದಡ್ಡಿ ಕಡೆ ಗಾಣಕ್ಕ ಹೊಂಟೇನ್ರಿ, ಬೆಲ್ಲ ತರಾಕ. ಹುಕ್ಕೇರಿ ಮ್ಯಾಲನ ಹೋಗತೇನಿ. ಬರ್ರಿ, ಬಿಡತೇನಿ."

ಘಟಪ್ರಭಾ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರ್ ಒಂದು ಎರಡು ಟ್ರೇಲರ್ ಎಳೆದುಕೊಂಡು ಮುಂದೆ ಹೊರಟಿತ್ತು. ದಾಟಲು ದಾರಿಯಿರಲಿಲ್ಲ. ಅದರ ಹಾಡು ಕೇಳುತ್ತ ನಿಧಾನವಾಗಿ ಹಿಂದೆ ಹೋದೆವು.

"ಇವತ್ತ ಭಾಳ ತಯಾರಾಗೀರಿ" ಅಂದ ಅವನು, ರಸ್ತೆಯನ್ನೇ ನೋಡುತ್ತ. "ಯಾರದರ ಮದುವಿ ಐತೇನ್ರಿ?"

"ಇನ್ನ ಇಲ್ಲ. ನನ್ನ ನೋಡಾಕ ಬರಾಕತ್ತಾರ. ಸಾಂಗಲಿಯವರು."

ಗೇರ್ ಸರಿಯಾಗಿ ಬೀಳಲಿಲ್ಲ. ಗಾಡಿ ಒಮ್ಮೆ ಕೆಮ್ಮಿತು. "ಚೊಲೊ ಆತ್ರಿ" ಅಂದ. ಆಮೇಲೆ ಟ್ರ್ಯಾಕ್ಟರಿಗೆ ಉದ್ದಕ್ಕೆ ಹಾರ್ನ್ ಹೊಡೆದ. ಪಾಪ, ಆ ಟ್ರ್ಯಾಕ್ಟರ್ ಸರಿಯಲು ಜಾಗವೇ ಇರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಕೇಳಿದ. "ಅಲ್ಲಿ ಹೆಂಗ ನೋಡತಾರ್ರಿ, ಹುಡುಗಿನ್ನ?"

"ಅಲ್ಲಿ ನೋಡಾಕ ಬರಂಗಿಲ್ಲ. ಇಬ್ಬರ ಕೂಡಿ ಕಾಫಿ ಕುಡಿಯಾಕ ಹೋಗತಾರ. ಒಂದ್ ಸಲ, ಎರಡ್ ಸಲ. ಮನ್ಯಾಗ ಹೇಳಂಗಿಲ್ಲ."

"ಆಮ್ಯಾಲ?"

"ಆಮ್ಯಾಲ ಒಬ್ಬರಿಗೊಬ್ಬರು ಹಿಡಿಸಿದ್ರ ಹೇಳತಾರ."

ಕಿಟಕಿಯ ಹೊರಗೆ ಕಬ್ಬು ಕಡಿದ ಹೊಲಗಳು ಹೋಗುತ್ತಿದ್ದವು.

"ಕಾಫೀನ ಕುಡಿಬೇಕೇನ್ರಿ? ಕರದಂಟ ತಿಂದ್ರ ನಡಿತೈತೇನು?"

ನಾನು ಹೊರಗೆ ನೋಡಿದೆ. ಕೆನ್ನೆ ಬಿಸಿಯಾದದ್ದು ಜನವರಿಯ ಬಿಸಿಲಿಗೆ ಎಂದುಕೊಳ್ಳುವ ಹಾಗಿರಲಿಲ್ಲ. ನಾನಿದ್ದ ಬದಿಗೆ ನೆರಳಿತ್ತು.

ಮಾವಶಿಯ ಓಣಿಯ ತುದಿಯಲ್ಲಿ ಇಳಿಸಿದ. ನಾನು ಎರಡು ಹೆಜ್ಜೆ ಹೋಗಿದ್ದೆ. "ಶುಭಾಂಗಿ ಅವರ" ಎಂದು ಕರೆದ. ತಿರುಗಿದೆ. ಅವನ ಬಾಯಿಗೆ ಏನೋ ಬಂದು ನಿಂತಿತ್ತು.

"ಸೆರಗಿನ ಮ್ಯಾಲ ಕೊಬ್ಬರಿ ಬಿದ್ದೈತ್ರಿ" ಅಂದ.

ಹೇಳಬೇಕಾಗಿದ್ದದ್ದು ಅದಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಸೆರಗು ಝಾಡಿಸಿಕೊಂಡು ಒಳಗೆ ಹೋದೆ.

ಸಾಂಗಲಿಯ ವೃಷಭ ಸಭ್ಯ ಮನುಷ್ಯ. ಅವನ ಮೇಲೆ ನನ್ನ ದೂರು ಏನೂ ಇಲ್ಲ. ಮಾಳಿಗೆಯ ಮೇಲೆ ನಮ್ಮಿಬ್ಬರನ್ನೇ ಬಿಟ್ಟಾಗ ವೀಸಾಕ್ಕೆ ಎಷ್ಟು ತಿಂಗಳು ಹಿಡಿಯುತ್ತದೆ ಎಂದು ವಿಚಾರಿಸಿದ. ಅಲ್ಲಿ ಮನೆ ಬಾಡಿಗೆ ವಿಚಾರಿಸಿದ. ಕೊನೆಗೆ, "ನೀವು ಈ ಮುದುಕರ ಕೆಲಸ ಬಿಟ್ಟು ದೊಡ್ಡ ಹಾಸ್ಪಿಟಲಿಗೆ ಸೇರಬಹುದಲ್ಲ? ಹೇಳಿಕೊಳ್ಳಲಿಕ್ಕೆ ಚೆನ್ನಾಗಿರುತ್ತೆ" ಅಂದ. ಆಗ ನನಗೆ ಯಾವ ಗೊಂದಲವೂ ಉಳಿಯಲಿಲ್ಲ.

*

ಒಲ್ಲೆ ಅಂದದ್ದಕ್ಕೆ ಅಪ್ಪ ಬೇಜಾರು ಮಾಡಿಕೊಂಡರೂ ಬೈಯಲಿಲ್ಲ. ಬೈಗುಳ ಬಂದದ್ದು ಫ್ರಿಜ್ಜಿನಿಂದ.

ಮೂಡಲಗಿಗೆ ಮರಳಿದ ಮರುದಿನ, ಎಲ್ಲರೂ ಊಟಕ್ಕೆ ಕುಳಿತಿದ್ದೆವು. ಆಯಿ ಮೊಸರು ತೆಗೆಯಲು ಫ್ರಿಜ್ ಬಾಗಿಲು ತೆರೆದು ಅಲ್ಲೇ ನಿಂತಳು. "ಶುಭಾ, ಈ ಮನ್ಯಾಗ ಗಟ್ಟಿ ಹಲ್ಲ ಇರೋದು ನಿನಗ ಒಬ್ಬಾಕಿಗೆ. ಮೊಸರ ಇಡಾಕ ಜಾಗಿಲ್ಲ, ಎಲ್ಲಿ ನೋಡಿದ್ರೂ ಕರದಂಟ. ಅಂಗಡ್ಯಾವನ ಹೆಸರೇನು?"

ಆಯಿಗೆ ಸುಳ್ಳು ಹೇಳುವುದನ್ನು ನಾನು ಕಲಿತಿಲ್ಲ. "ಗುರುಪಾದ" ಅಂದೆ.

ಅಪ್ಪನ ಕೈ ತಟ್ಟೆಯ ಮೇಲೆ ನಿಂತಿತು. "ಯಾವ ಊರು?"

"ಅಂಕಲಗಿ."

"ಯಾವ ಮಂದಿ?"

"ಲಿಂಗಾಯತರು ಅಪ್ಪಾ."

ಅಪ್ಪ ಎದ್ದು ಕೈ ತೊಳೆದರು. ದನಿ ಏರಿಸಲಿಲ್ಲ. "ಅವರ ಮಠ ಬ್ಯಾರೆ, ನಮ್ಮ ಬಸದಿ ಬ್ಯಾರೆ. ಅಂಗಡಿಗೆ ಹೋಗು, ಬೇಕಾದ್ದು ತಗೋ, ಬಾ. ಹೆಸರು ಮಾತ್ರ ಮನಿತನಕಾ ತರಬ್ಯಾಡ."

ಇನ್ನೂ ಯಾರೂ ಯಾರನ್ನೂ ಏನೂ ಕೇಳಿರಲಿಲ್ಲ. ಕೇಳುವ ಮೊದಲೇ ಇಲ್ಲ ಅನ್ನಿಸಿಕೊಂಡು ನಾನು ರಾತ್ರಿಯೆಲ್ಲ ಎಚ್ಚರಿದ್ದೆ.

ಹೊರಡುವ ಹಿಂದಿನ ದಿನ ಗೋಕಾಕಕ್ಕೆ ಹೋದೆ. ಗುರುಪಾದ ಡಬ್ಬಿಗಳನ್ನು ಕಟ್ಟಿ ಇಟ್ಟಿದ್ದ. ಒಂದು ತುಣುಕು ಕೊಟ್ಟ. ಮೆತ್ತಗಿತ್ತು, ಹಲ್ಲಿಗೆ ಅಂಟಲಿಲ್ಲ. ಗಸಗಸೆಯ ಜಾಗದಲ್ಲಿ ಚಾರೋಳಿ ಹುರಿದು ಹಾಕಿದ್ದ. ಈ ಸಲ ಅನ್ನಪೂರ್ಣಾ ಅವರೇ ಹೊರಗೆ ಬಂದು, "ಮೂಗ ಬಂತು" ಅಂದರು.

"ಸಾಂಗಲಿಯವರಿಗೆ ಬ್ಯಾಡ ಅಂದೆ" ಅಂದೆ ನಾನು, ಯಾವ ಪೀಠಿಕೆಯೂ ಇಲ್ಲದೆ.

"ಚೊಲೊ ಆತು!" ಎಂದು ಅವನ ಬಾಯಿಂದ ಹಾರಿಬಿಟ್ಟಿತು. ಒಳಗೆ ಶಿವಾನಿ ಜೋರಾಗಿ ನಕ್ಕಳು. ಅವನು ಕಿವಿಯವರೆಗೆ ಕೆಂಪಾಗಿ, ಡಬ್ಬಿಯ ದಾರವನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದ.

"ಅಪ್ಪಗ ಗೊತ್ತಾಗೈತಿ" ಅಂದೆ. "ಸಿಟ್ಟಾಗ್ಯಾರ."

"ಏನ್ ಗೊತ್ತಾಗೈತ್ರಿ?"

"ನಿಮಗ ಗೊತ್ತಿದ್ದದ್ದ."

ಅವನು ದಾರ ಬಿಟ್ಟ. ನನ್ನನ್ನು ನೇರ ನೋಡಿದ. ಅಷ್ಟು ದಿನ ತುಟಿ, ಕೈ, ಸೆರಗು, ತಟ್ಟೆ ಎಲ್ಲ ನೋಡಿದ್ದವನು ಮೊದಲ ಸಲ ಕಣ್ಣು ನೋಡಿದ.

"ಇಲ್ಲೇ ಇರ್ರಿ ಅನ್ನಾಕ ನಂಗ ಬಾಯಿ ಬರವಲ್ದು" ಅಂದ. "ಆ ನೋರಾ ಅಜ್ಜಿ ಮಾತ ಬಂದಾಗ ನಿಮ್ಮ ಮಾರಿ ಹೆಂಗ್ ಅರಳತೈತಿ ನೋಡೇನಿ. ನಾ ಬರತೇನಿ ಅನ್ನಾಕ ಆ ದೇಶ ನಂಗ ಗೊತ್ತಿಲ್ಲ."

"ಒಂದ್ ಸಲ ಬಂದ್ ನೋಡ್ರಿ."

"ವಿಮಾನದಾಗ ಕುಂತಾವನಲ್ರಿ ನಾ."

"ಅದರಾಗ ಏನೈತಿ? ಸುಮ್ನ ಕುಂದರೂದ" ಅಂದೆ. ನಗಬೇಕೆಂದು ಅಂದದ್ದು. ಕಣ್ಣು ತುಂಬಿ ಬಂದದ್ದರಿಂದ ಡಬ್ಬಿ ಎತ್ತಿಕೊಂಡು ಬೇಗ ಹೊರಟೆ.

*

ಆಮೇಲೆ ಫೋನಿನ ಕಾಲ. ಅವನು ಅಂಗಡಿ ಮುಚ್ಚಿದ ಮೇಲೆ, ನಾನು ಪಾಳಿ ಮುಗಿಸಿದ ಮೇಲೆ. ಮಾತಾಡುವುದು ಬಹುತೇಕ ಏನು ತಿಂದೆವು ಎಂದೇ. ಅಪ್ಪ ಭಾನುವಾರ ಫೋನ್ ಮಾಡಿದರೆ ಗಾಲ್ವೇಯ ಗಾಳಿ ಮಳೆ ವಿಚಾರಿಸಿ ಇಡುತ್ತಿದ್ದರು. ಬೇರೆ ಮಾತಿಲ್ಲ.

ಏಪ್ರಿಲಿನಲ್ಲಿ ಒಂದು ದಿನ ಗುರುಪಾದ ಹೇಳಿದ. "ನಿನ್ನೆ ಒಬ್ಬರು ಹಿರ್ಯಾರ ಬಂದಿದ್ರು. ಪಾವ್ ಕಿಲೋ ತಗೊಂಡ್ರು. ಅವ್ವನ ಕೂಡ ಮಳಿ ಬೆಳಿ ಮಾತಾಡಿದ್ರು. ಹೋಗೋ ಮುಂದ ನನ್ನ ಕಡೆ ತಿರಗಿ, ಏನರ ಕುಡಿಯೂದು, ತಿನ್ನೂದು ಚಟಾ ಐತೇನು ಅಂದ್ರು. ಇಲ್ರಿ ಅಂದೆ. ಹೂಂ ಅಂದು ಹೋದ್ರು."

"ಯಾರಂತ?"

"ಹೆಸರ ಹೇಳಲಿಲ್ಲ. ಮೂಗ ನಿಮ್ಮದ ಇತ್ತು."

ಈ ಸಂಗತಿಯನ್ನು ನಾನು ಅಪ್ಪನ ಮುಂದೆ ಎತ್ತಲಿಲ್ಲ. ಅವರೂ ಎತ್ತಲಿಲ್ಲ.

ಮೇ ತಿಂಗಳಲ್ಲಿ ಗುರುಪಾದ ಗಾಲ್ವೇಗೆ ಬಂದ. ಅಥಣಿ ಕಡೆಯ ಕಿಶೋರ ಅಂತ ನನ್ನ ಜೊತೆಯ ನರ್ಸ್, ಅವರ ಮನೆಯಲ್ಲಿ ಉಳಿದುಕೊಂಡ. ಖಡಕ್ ರೊಟ್ಟಿಯ ಗಂಟು ತಂದಿದ್ದ. ನಿಲ್ದಾಣದಲ್ಲಿ ಅಧಿಕಾರಿ ಒಂದು ರೊಟ್ಟಿ ತೆಗೆದು ಬೆರಳಿನಿಂದ ಬಡಿದು ನೋಡಿದನಂತೆ. ಕಂಚಿನ ಹಾಗೆ ಸದ್ದಾಯಿತಂತೆ.

ಎರಡೇ ದಿನದಲ್ಲಿ ಅವನು ಬಸ್ ಇಳಿಯುವಾಗ ಡ್ರೈವರಿಗೆ ಎಲ್ಲರಿಗಿಂತ ಗಟ್ಟಿಯಾಗಿ "ಥ್ಯಾಂಕ್ಯೂ" ಕೂಗತೊಡಗಿದ. ಊರಿನ ಮರ್ಯಾದೆ ಮಾತ್ರ ಬಿಡಲಿಲ್ಲ. ಕಿಶೋರನ ನೆರೆಯವನು ಎದುರಾದಾಗ, ಊಟ ಆತೇನ್ರಿ ಅನ್ನುವುದನ್ನು ಇಂಗ್ಲಿಷಿನಲ್ಲಿ ಕೇಳಿದ. ಆ ಮನುಷ್ಯ, ಇಲ್ಲ, ಬಹಳ ಸಂತೋಷ, ಎಂದು ಒಳಗೆ ಬಂದು ಕುಳಿತ. ಕಿಶೋರನ ಹೆಂಡತಿ ರೊಟ್ಟಿ, ಶೇಂಗಾ ಚಟ್ನಿ ಬಡಿಸಿದಳು. ಅವನು ಬೆವರುತ್ತ ತಿಂದು, ಮರುದಿನ ಒಂದು ಕೇಕ್ ತಂದುಕೊಟ್ಟ.

ಒಂದು ಮಧ್ಯಾಹ್ನ ಅವನನ್ನು ನೋರಾಳ ಹತ್ತಿರ ಕರೆದುಕೊಂಡು ಹೋದೆ. ಅವನು ಕುರ್ಚಿ ಎಳೆದು ಕುಳಿತು, ಕರದಂಟನ್ನು ಉಗುರಿನಷ್ಟು ಸಣ್ಣಗೆ ಮುರಿದು ಕೊಟ್ಟ. ಅವಳು ಕಣ್ಣು ಮುಚ್ಚಿ ಅಗಿದಳು. ಖರೇನೇ ಅಗಿದಳು. ಆಮೇಲೆ ನನ್ನ ಕಡೆ ತಿರುಗಿ, "ಯುವರ್ ಮ್ಯಾನ್ ಒಳ್ಳೆಯವನು" ಅಂದಳು. ಆ ದೇಶದಲ್ಲಿ ಯುವರ್ ಮ್ಯಾನ್ ಅಂದರೆ ಅಲ್ಲಿರುವ ಯಾವನೋ ಒಬ್ಬ, ಅಷ್ಟೇ. ಹಾಲು ಹಾಕುವವನಿಗೂ ಹಾಗೇ ಅನ್ನುತ್ತಾರೆ. ಗುರುಪಾದನಿಗೆ ಅದು ಗೊತ್ತಿರಲಿ‍ಲ್ಲ. ಅವನು ತಲೆ ತಗ್ಗಿಸಿ, ನಗುವನ್ನು ಅಂಗೈಯಲ್ಲಿ ಒರೆಸಿಕೊಂಡ. ಅರ್ಥ ಬಿಡಿಸಿ ಹೇಳುವ ಮನಸ್ಸು ನನಗೂ ಬರಲಿಲ್ಲ.

*

ಅವನು ಹೊರಡುವ ಮೊದಲಿನ ಭಾನುವಾರ ಮಧ್ಯಾಹ್ನ ಸಮುದ್ರದಂಡೆಯ ತಡೆಗೋಡೆಯ ಮೇಲೆ ಕುಳಿತಿದ್ದೆವು. ಬಿಸಿಲಿತ್ತು. ಗಾಳಿ ಮಾತ್ರ ಕಿವಿ ಕತ್ತರಿಸುವ ಹಾಗಿತ್ತು. ನಾನು ಒಂದು ವಾರದಿಂದ ಮನಸ್ಸಿನಲ್ಲಿ ಕಟ್ಟಿಕೊಂಡದ್ದನ್ನು ಹೇಳಿದೆ.

"ಮುಂದಿನ ವರ್ಷ ನಾ ಬಿಟ್ಟ ಬರತೇನಿ. ಬೆಳಗಾವ್ಯಾಗ ದವಾಖಾನಿ ಬೇಕಾದಷ್ಟ ಅದಾವು."

"ಬ್ಯಾಡ್ರಿ."

"ಯಾಕ?"

"ಇವತ್ತ ನನ್ನ ಸಲುವಾಗಿ ಬಿಟ್ಟ ಬರತೀರಿ. ನಾಳೆ ಜಗಳಾದಾಗ ಅದನ್ನ ಎತ್ತೇ ಎತ್ತತೀರಿ. ನಾ ಇಲ್ಲಿ ಬರತೇನಿ."

"ಅಂಗಡಿ?"

"ಶಿವಾನಿ ನಡಸತಾಳ. ನಾ ಇಲ್ಲದ ಮ್ಯಾಲ ಗಿರಾಕಿ ಹೆಚ್ಚಾಗ್ಯಾರಂತ. ನಗಕೋತ ಹೇಳಿದ್ಲು. ನಂಗ ಮೊದಲ ಕೆಟ್ಟ ಅನಿಸ್ತು, ಆಮ್ಯಾಲ ಹಗೂರ ಅನಿಸ್ತು."

"ಇಲ್ಲಿ ಬಂದ್ ಏನ್ ಮಾಡತೀರಿ?"

"ಪಾಕ ಹಿಡಿಯಾಕ ಬರತೈತಿ. ಕಸಾ ಹೊಡಿಯಾಕೂ ಬರತೈತಿ. ಯಾವದ್ ಸಿಕ್ರೂ ಆತು."

"ನಿಮ್ಮ ಅವ್ವನ್ನ ಬಿಡಿಸಿದೆ ಅಂತ ನಾ ಯಾಕ ಅನ್ನಿಸಿಕೊಳ್ಳಲಿ? ನಾನ ಬರತೇನಿ."

"ಬ್ಯಾಡ ಅಂದ್ನಲ್ಲ!"

"ಬರತೇನಿ!"

"ನೀ ಸುಮ್ನಿರು ಸ್ವಲ್ಪ!"

ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಮುದುಕನೊಬ್ಬ ನಿಂತು ನಮ್ಮನ್ನು ನೋಡಿದ. ಬಿಸಿಲು ಚೆನ್ನಾಗಿದೆ ಅಲ್ಲವೇ, ಎಂದು ಇಂಗ್ಲಿಷಿನಲ್ಲಿ ಸಮಾಧಾನ ಮಾಡಿ ಮುಂದೆ ಹೋದ.

ಗುರುಪಾದನ ಮುಖದಿಂದ ಸಿಟ್ಟು ಇಳಿದು ಗಾಬರಿ ಏರಿತ್ತು. "ತಪ್ಪಾತ್ರಿ. ಬಾಯಿ ತಪ್ಪಿ ಬಂತು, ನೀ ಅಂದುಬಿಟ್ಟೆ."

"ತಪ್ಪಾಗಿಲ್ಲ" ಅಂದೆ. "ಇನ್ನೊಮ್ಮೆ ಅನ್ನು."

ಅವನು ಸಮುದ್ರದ ಕಡೆ ನೋಡಿದ. ಗಾಳಿಗೆ ಕಣ್ಣಲ್ಲಿ ನೀರು ಬಂದಿತ್ತು, ಗಾಳಿಗೇ ಇರಬೇಕು. "ನೀ," ಅಂದ ನಿಧಾನವಾಗಿ. "ಶುಭಾ, ನೀ ಇಲ್ಲದ ನಂಗ ಆಗಂಗಿಲ್ಲ. ಆ ಮೆಟ್ಟಲ ಮ್ಯಾಲ ಬಂದ್ ನಿಂತ ದಿನದಿಂದ ಆಗವಲ್ದು."

"ನಂಗೂ" ಅಂದೆ. ಇನ್ನೂ ಏನೇನೋ ಹೇಳಬೇಕೆಂದಿತ್ತು. ಅಷ್ಟೇ ಬಂತು.

ಅವನ ಕೈ ಗೋಡೆಯ ಕಲ್ಲಿನ ಮೇಲಿತ್ತು. ನನ್ನದನ್ನು ಅದರ ಮೇಲಿಟ್ಟೆ. ತಣ್ಣಗಿತ್ತು, ಬೆಲ್ಲದ ಪಾಕಕ್ಕೆ ಸುಟ್ಟುಕೊಂಡ ಹಳೆಯ ಕಲೆಗಳಿದ್ದವು. ಹಾಗೇ ಕುಳಿತು, ಜಗಳವಾಡದೆ ಇತ್ಯರ್ಥ ಮಾಡಿದೆವು. ಮೊದಲ ಎರಡು ವರ್ಷ ಅವನು ಇಲ್ಲಿ. ಆಮೇಲೆ ಇಬ್ಬರೂ ಅಲ್ಲಿ. ಆಗ ಯಾರಿಗಾದರೂ ಮನಸ್ಸು ಬದಲಾದರೆ ಆಗ ನೋಡುವುದು.

"ಅಪ್ಪಗ ಈಗ ಹೇಳತೇನಿ" ಅಂದೆ.

"ಈಗ?"

"ಧೈರ್ಯ ಇದ್ದಾಗ ಹೇಳಿಬಿಡಬೇಕು."

ಫೋನ್ ಮಾಡಿದೆ. ಮೂಡಲಗಿಯಲ್ಲಿ ಆಗ ಊಟ ಮುಗಿಸಿ ಕುಳಿತ ಹೊತ್ತು. ಅಪ್ಪ ಎತ್ತಿದರು.

"ಅಪ್ಪಾ, ಗುರುಪಾದ ಬಂದಾನ ಇಲ್ಲಿ. ನಾವು ಮದುವಿ ಆಗಬೇಕಂತ ಮಾಡೇವಿ. ನಿಮ್ಮನ್ನ ಬಿಟ್ಟ ಅಲ್ಲ. ನೀವು ಹೂಂ ಅಂದ ಮ್ಯಾಲ."

ಆ ಕಡೆ ಫ್ಯಾನಿನ ಸದ್ದು. ಹಿಂದಿನಿಂದ ಆಯಿಯ ದನಿ, "ಏನಂತ? ಏನಂತಾಳ?" ಗುರುಪಾದ ನನ್ನ ಮುಖ ನೋಡುತ್ತ ಉಸಿರು ಹಿಡಿದಿದ್ದ.

"ಬಾಜೂಕ ಇದ್ದಾನೇನು?" ಅಪ್ಪ ಕೇಳಿದರು.

"ಇದ್ದಾನ."

ಮತ್ತೆ ಫ್ಯಾನಿನ ಸದ್ದು. ಅಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ಅಲ್ಲಿ ಗಾಳಿ ಭಾಳ ಅಂತಿ. ಅಂವಗ ಬೆಚ್ಚಗಿನ ಕೋಟ ಐತೇನು?"

ನೋಡಿದೆ. ಕಿಶೋರನ ಹಳೆಯ ಕೋಟು ಹಾಕಿಕೊಂಡಿದ್ದ. ತೋಳು ಬೆರಳು ದಾಟಿ ಇಳಿದಿತ್ತು, ಭುಜ ಎರಡೂ ಕಡೆ ಜೋತುಬಿದ್ದಿತ್ತು.

"ಇಲ್ಲ ಅಪ್ಪಾ. ಗೆಳೆಯಾರದ ಹಾಕ್ಕೊಂಡಾನ."

"ಹಂಗ್ಯಾಕ?" ಅಪ್ಪನ ದನಿ ಈಗ ಅಂಗಡಿಯಲ್ಲಿ ಮಾತಾಡುವಾಗಿನ ಹಾಗೆ ಗಟ್ಟಿಯಾಯಿತು. "ನಮ್ಮ ಮನಿ ಹುಡುಗ ಮಂದಿ ಕೋಟ ಹಾಕ್ಕೊಂಡು ತಿರಗತಾನೇನು? ಇವತ್ತ ಕರಕೊಂಡ ಹೋಗು. ಚೊಲೊದ್ ನೋಡಿ ಕೊಡಸು."